ಅಬ್ಬೆ ದ್ಯುಬುವಾ ಸ್ವಾಮಿಗಳು ಮತ್ತು ನಮ್ಮ ಕೈಯ ಜಪಸರ

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹಳೆಯ ರಾಜಮಾರ್ಗವು ರಾಮನಗರ ಮತ್ತು ಚನ್ನಪಟ್ಟಣಗಳ ನಡುವಿನಿಂದ ಹಾದು ಹೋಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಮೈಸೂರಿನ ಮೊದಲ ಬ್ರಿಟಿಷ್ ರೆಸಿಡೆಂಟರಾಗಿ ಬಂದ ಬ್ಯಾರಿ ಕ್ಲೋಸ್ ಅವರ ಹೆಸರಿನಿಂದಲೇ ನಮ್ಮ ರಾಮನಗರವು ಬಹುಕಾಲ ಕ್ಲೋಸ್‌ಪೇಟೆ ಎಂದು ಕರೆಯಲ್ಪಟ್ಟಿತು. ಆ ವರ್ಷಗಳಲ್ಲಿಯೇ, ಖಡ್ಗವನ್ನಾಗಲಿ ಅಧಿಕಾರವನ್ನಾಗಲಿ ಕೈಯಲ್ಲಿ ಹಿಡಿಯದೆ, ದೇಶೀಯ ಉಡುಪನ್ನು ಧರಿಸಿ, ದೇಶೀಯ ಆಹಾರವನ್ನು ಸೇವಿಸುತ್ತ, ಮೈಸೂರು ಸೀಮೆಯ ಚದರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಒಬ್ಬ ಫ್ರೆಂಚ್ ಗುರುಗಳು ಬಂದರು. ಅವರೇ ಅಬ್ಬೆ ಜಾನ್ ಆಂತ್ವಾನ್ ದ್ಯುಬುವಾ. ಜನರು ಅವರನ್ನು ಪ್ರೀತಿಯಿಂದ ದೊಡ್ಡಸ್ವಾಮಿಯವರು ಎಂದು ಕರೆದರು.

ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ನಾವು ಅವರ ಜೀವನವನ್ನು ಸ್ಮರಿಸುವುದಕ್ಕೆ ಎರಡು ಕಾರಣಗಳಿವೆ. ಮೈಸೂರು ಸೀಮೆಯ ಕಥೋಲಿಕ ಧರ್ಮಸಭೆಯ ಪುನರ್ಜೀವನದಲ್ಲಿ ಅವರ ಪಾತ್ರವು ಹಿರಿದಾದುದು ಎಂಬುದು ಮೊದಲನೆಯದು. ಜಪಸರ, ಸ್ವರೂಪಗಳು, ತೇರು, ಸಂತರ ಪ್ರಾರ್ಥನೆ ಮುಂತಾದ ನಮ್ಮ ಭಕ್ತಿಪದ್ಧತಿಗಳ ವಿಷಯದಲ್ಲಿ ಪ್ರೊಟೆಸ್ಟೆಂಟ್ ಸಹೋದರರಿಗೂ ನಮಗೂ ಇರುವ ಭಿನ್ನಾಭಿಪ್ರಾಯವು ಈ ನಾಡಿನ ಹಿನ್ನೆಲೆಯಲ್ಲಿ ಮುದ್ರಿತ ವಾಗ್ವಾದದ ರೂಪ ತಾಳಿದ್ದು ಇವರ ಬರವಣಿಗೆಯ ನಿಮಿತ್ತದಿಂದ ಎಂಬುದು ಎರಡನೆಯದು. ಕೈಯಲ್ಲಿ ಮಣಿಸರವನ್ನು ಹಿಡಿದು ಒಂದೇ ಮಂತ್ರವನ್ನು ಐವತ್ತು ಸಲ ಹೇಳುವುದೇಕೆ ಎಂದು ನೆರೆಮನೆಯ ಪ್ರೊಟೆಸ್ಟೆಂಟ್ ಸ್ನೇಹಿತರೋ ವಿವಾಹ ಸಂಬಂಧದಿಂದ ಬಂಧುಗಳಾದವರೋ ಕೇಳಿದಾಗ ನಮ್ಮಲ್ಲಿ ಅನೇಕರು ಮೌನವಾಗುತ್ತೇವೆ, ಇಲ್ಲವೇ ಸಿಡುಕುತ್ತೇವೆ. ದ್ಯುಬುವಾ ಸ್ವಾಮಿಗಳ ಜೀವನವು ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಮಗೆ ಸಹಾಯಕವಾಗಿದೆ. ಅವರು ಕೊಟ್ಟ ಉತ್ತರವು ಎಷ್ಟು ದೂರ ಸರಿ, ಎಲ್ಲಿ ಸಾಲದು ಎಂಬುದೆರಡೂ ವಿಚಾರಾರ್ಹವಾದುವು.

ಜನನ, ದೀಕ್ಷೆ, ಪಯಣ

ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿರುವ ಆರ್ದೆಶ್ ಸೀಮೆಯ ಸೇಂಟ್ ರೆಮೇಜ್ ಎಂಬ ಗ್ರಾಮದಲ್ಲಿ, 18ನೆಯ ಶತಮಾನದ ಏಳನೆಯ ದಶಕದಲ್ಲಿ ಇವರು ಜನಿಸಿದರು. 1792ರಲ್ಲಿ ಗುರುದೀಕ್ಷೆಯನ್ನು ಪಡೆದರು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ದೇವಾಲಯಗಳ ಆಸ್ತಿಯು ಮುಟ್ಟುಗೋಲಾಗಿತ್ತು. ರಾಜ್ಯದ ಪ್ರಮಾಣವಚನವನ್ನು ಸ್ವೀಕರಿಸದ ಗುರುಗಳು ದೇಶಾಂತರ ಹೋಗಬೇಕಾಗಿತ್ತು, ಇಲ್ಲವೇ ಪ್ರಾಣವನ್ನೇ ಒಪ್ಪಿಸಬೇಕಾಗಿತ್ತು. ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಂಸ್ಥೆಗೆ ಸೇರಿದ್ದ ಈ ತರುಣ ಗುರುಗಳು ಅದೇ ವರ್ಷ ಹಡಗನ್ನೇರಿ ಭಾರತಕ್ಕೆ ಹೊರಟರು. ಆಗ ಬಿಟ್ಟ ತಾಯ್ನಾಡನ್ನು ಅವರು ಪುನಃ ಕಂಡದ್ದು ಮೂವತ್ತು ವರ್ಷಗಳ ನಂತರ.

ಮೈಸೂರು ಸೀಮೆಯಲ್ಲಿ ಕಥೋಲಿಕ ಧರ್ಮದ ಬೀಜವು ಬಿದ್ದದ್ದು ಅವರಿಗಿಂತ ಬಹಳ ಹಿಂದೆ. 17ನೆಯ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಇಟಲಿ ದೇಶದ ಗುರು ಲಿಯೊನಾರ್ದೊ ಚಿನ್ನಮಿ ಅವರು ಶ್ರೀರಂಗಪಟ್ಟಣಕ್ಕೆ ಬಂದು, ಸಂನ್ಯಾಸಿಯ ವೇಷದಲ್ಲಿ ಬಾಳಿ, ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಗ್ರಂಥಗಳನ್ನು ರಚಿಸಿದರು. 1773ರಲ್ಲಿ ಜಗದ್ಗುರುಗಳ ಆಜ್ಞೆಯಂತೆ ಯೇಸುಸಭೆಯು ವಿಸರ್ಜಿತವಾದಾಗ ಅವರ ದಕ್ಷಿಣ ಭಾರತದ ಧರ್ಮಕ್ಷೇತ್ರಗಳು ಪ್ಯಾರಿಸ್ಸಿನ ಗುರುಗಳ ಪಾಲಿಗೆ ಬಂದುವು. ಕ್ಷೇತ್ರವು ವಿಶಾಲ, ಗುರುಗಳು ಬೆರಳೆಣಿಕೆಯಷ್ಟು. ಅದರ ಮೇಲೆ ಮೈಸೂರಿನ ಯುದ್ಧಗಳು. ಕ್ರಾಂತಿಯ ದೆಸೆಯಿಂದ ಫ್ರಾನ್ಸಿನಿಂದ ಹೊಸ ಗುರುಗಳ ಬರವು ನಿಂತೇಹೋಯಿತು. ಇಂಥ ಹೊತ್ತಿನಲ್ಲಿ ದ್ಯುಬುವಾ ಸ್ವಾಮಿಗಳು ಪುದುಚೇರಿಯ ಧರ್ಮಕ್ಷೇತ್ರಕ್ಕೆ ಬಂದು ಸೇರಿದರು.

ಶ್ರೀರಂಗಪಟ್ಟಣದಲ್ಲಿ

1799ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನು ಯುದ್ಧದಲ್ಲಿ ಮಡಿದನು. ಅವನ ಆಳ್ವಿಕೆಯಲ್ಲಿ ಮತಾಂತರಕ್ಕೆ ಒಳಗಾಗಿದ್ದ ಕ್ರೈಸ್ತರನ್ನು ಪುನಃ ಸಂಘಟಿಸುವ ಸಲುವಾಗಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅವರ ಸೂಚನೆಯಂತೆ ದ್ಯುಬುವಾ ಸ್ವಾಮಿಗಳಿಗೆ ಆಹ್ವಾನ ಹೋಯಿತು. ಈ ವೆಲ್ಲೆಸ್ಲಿಯೇ ಮುಂದೆ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಲೋಕಪ್ರಸಿದ್ಧನಾದವನು. ಫ್ರೆಂಚರೊಡನೆ ಇಂಗ್ಲಿಷರು ಘೋರ ವೈರದಲ್ಲಿದ್ದ ಆ ದಿನಗಳಲ್ಲಿ ಇಂಗ್ಲಿಷ್ ಸೇನಾನಿಯೊಬ್ಬನು ಫ್ರೆಂಚ್ ಗುರುವನ್ನು ನಂಬಿ ಕರೆಸಿಕೊಂಡದ್ದು ಆ ಗುರುವಿನ ನಡತೆಗೆ ದೊರೆತ ಸಾಕ್ಷ್ಯವೆಂದೇ ನಾವು ಭಾವಿಸಬಹುದು. ಸುಮಾರು 1800 ಮಂದಿ ಕ್ರೈಸ್ತರು ಇವರ ಮೂಲಕ ಧರ್ಮಸಭೆಗೆ ಹಿಂದಿರುಗಿದರೆಂದು ದಾಖಲೆಯಾಗಿದೆ.

ಹಿಂದಿರುಗಿ ಬಂದವರಿಗೆ ಮನೆಯಿರಲಿಲ್ಲ, ನೆಲವಿರಲಿಲ್ಲ. ಉಪದೇಶ ಮಾತ್ರದಿಂದ ಹೊಟ್ಟೆ ತುಂಬದೆಂಬುದನ್ನು ಅರಿತಿದ್ದ ಸ್ವಾಮಿಗಳು ಅವರಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರನ್ನು ಇಂದಿಗೂ ಸ್ಮರಣೆಗೆ ತರುವ ದೇವಾಲಯವಿದೆ. ಸಿಡುಬು ರೋಗವು ಗ್ರಾಮಗ್ರಾಮಗಳನ್ನೇ ಬರಿದು ಮಾಡುತ್ತಿದ್ದ ಆ ಕಾಲದಲ್ಲಿ, ಎಡ್ವರ್ಡ್ ಜೆನ್ನರ್ ಎಂಬ ಇಂಗ್ಲಿಷ್ ವೈದ್ಯನು 1796ರಲ್ಲಿ ಕಂಡುಹಿಡಿದಿದ್ದ ದೇವಿ ಹಾಕುವ ವಿಧಾನವು ಭಾರತಕ್ಕೆ ಬಂದ ಒಂದೆರಡು ವರ್ಷಗಳೊಳಗಾಗಿಯೇ ಸ್ವಾಮಿಗಳು ಅದನ್ನು ಕೈಗೊಂಡರು. 1803–04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,432 ಮಂದಿಗೆ ದೇವಿ ಹಾಕಲಾಯಿತು. ಜಾತಿಮತಗಳ ಭೇದವನ್ನೆಣಿಸದೆ ನಡೆದ ಈ ಕಾರ್ಯದಿಂದ ಎಷ್ಟು ತಾಯಂದಿರ ಮಡಿಲು ಬರಿದಾಗದೆ ಉಳಿಯಿತೋ ದೇವರೇ ಬಲ್ಲರು.

ಅವರ ಹೆಸರನ್ನು ವಿಶ್ವದ ವಿದ್ವಾಂಸರಿಗೆ ಪರಿಚಯಿಸಿದ್ದು ಹಿಂದೂ ಜನರ ಆಚಾರ, ನಡವಳಿಕೆ ಮತ್ತು ಸಂಸ್ಕಾರಗಳನ್ನು ಕುರಿತು ಅವರು ಸಿದ್ಧಪಡಿಸಿದ ಬೃಹದ್ಗ್ರಂಥ. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರು ಅದರ ಹಸ್ತಪ್ರತಿಯನ್ನು ಮೆಚ್ಚಿ ಮದರಾಸಿನ ಸರ್ಕಾರಕ್ಕೆ ಶಿಫಾರಸು ಮಾಡಿದರು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು 2000 ನಕ್ಷತ್ರ ವರಹಗಳನ್ನಿತ್ತು ಅದನ್ನು ಕೊಂಡುಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದವು ಲಂಡನ್ನಿನಲ್ಲಿ ಪ್ರಕಟವಾಯಿತು. ಈ ಗ್ರಂಥದ ಬಹುಭಾಗವು ಅವರಿಗಿಂತ ಮುಂಚೆ ದಕ್ಷಿಣ ಭಾರತದಲ್ಲಿ ಬಾಳಿದ್ದ ಯೇಸುಸಭೆಯ ಗುರು ಕೊರ್ದೂ ಅವರ ಬರಹವನ್ನು ಆಧರಿಸಿದೆ ಎಂಬುದನ್ನು 1980ರ ದಶಕದಲ್ಲಿ ಫ್ರೆಂಚ್ ವಿದುಷಿಯೊಬ್ಬರು ತೋರಿಸಿಕೊಟ್ಟಿದ್ದಾರೆ. ಸತ್ಯವನ್ನು ಮುಚ್ಚಿಟ್ಟು ಹಿರಿಯರನ್ನು ಗೌರವಿಸುವುದು ಸಲ್ಲದಾದುದರಿಂದ ಅದನ್ನೂ ನಾವಿಲ್ಲಿ ಹೇಳಿದ್ದೇವೆ.

ನಿರಾಶೆಯ ಕಾಗದಗಳು

ಹೊರಗಿನ ಕೀರ್ತಿಯು ಹೀಗೆ ಬೆಳೆಯುತ್ತಿದ್ದರೂ ಸ್ವಾಮಿಗಳ ಹೃದಯದಲ್ಲಿ ಒಂದು ದೊಡ್ಡ ನಿರಾಶೆಯು ಮನೆಮಾಡಿತ್ತು. ಇಪ್ಪತ್ತೈದು ವರ್ಷಗಳ ಶ್ರಮದ ನಂತರ ಲೆಕ್ಕ ಹಾಕಿ ನೋಡಿದಾಗ, ಒಬ್ಬ ದೇಶೀಯ ಸಹಾಯಕ ಗುರುವಿನೊಡನೆ ಸೇರಿ ತಾವು ಹೊಸದಾಗಿ ಧರ್ಮಕ್ಕೆ ತಂದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರವೆಂದು ಅವರು ಬರೆದುಕೊಂಡರು. ಅವರಲ್ಲಿಯೂ ಎಷ್ಟೋ ಮಂದಿಯ ಉದ್ದೇಶವು ಶುದ್ಧವಾಗಿರಲಿಲ್ಲವೆಂದು ಮರೆಮಾಚದೆ ಹೇಳಿದರು. ಹಿಂದೂ ಜನರು ಕ್ರೈಸ್ತರಾಗುವ ಕಾಲವು ಕಳೆದುಹೋಯಿತೆಂದೂ, ಇರುವ ಕ್ರೈಸ್ತ ಸಮಾಜವೂ ದಿನೇದಿನೇ ಕ್ಷೀಣಿಸುತ್ತಿದೆಯೆಂದೂ ಅವರು ತೀರ್ಮಾನಿಸಿದರು. ಯೂರೋಪಿಯನ್ನರ ದುರ್ನಡತೆಯನ್ನು ಕಣ್ಣಾರೆ ಕಂಡ ದೇಶೀಯರು ಅವರ ಧರ್ಮವನ್ನೂ ಹೀನವೆಂದು ಎಣಿಸತೊಡಗಿದ್ದು ಇದಕ್ಕೆ ಒಂದು ಮುಖ್ಯ ಕಾರಣವೆಂಬುದು ಅವರ ಅಭಿಪ್ರಾಯವಾಗಿತ್ತು. ಈ ವಿಚಾರಗಳನ್ನೊಳಗೊಂಡ ಅವರ ಕಾಗದಗಳು 1823ರಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳು ಎಂಬ ಅರ್ಥದ ಹೆಸರಿನಿಂದ ಲಂಡನ್ನಿನಲ್ಲಿ ಅಚ್ಚಾದುವು.

ಆ ಕಾಲವು ಪ್ರೊಟೆಸ್ಟೆಂಟ್ ಧರ್ಮಪ್ರಚಾರಕರು ಕನ್ನಡ ನಾಡಿಗೆ ಮಹೋತ್ಸಾಹದಿಂದ ಬರುತ್ತಿದ್ದ ಕಾಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ಪರಿವರ್ತಿಸುವ ಮಹತ್ಕಾರ್ಯವನ್ನು ಆರಂಭಿಸಿದ್ದರು. 1820ರಲ್ಲಿ ಅದೇ ಮಿಷನ್ನು ಬೆಂಗಳೂರಿನಲ್ಲಿ ನೆಲೆಯೂರಿತು. ಅನಂತರ ವೆಸ್ಲಿಯನ್ ಮಿಷನ್ನಿನವರೂ ಬಂದರು. ಬೈಬಲ್ಲನ್ನು ಅಚ್ಚು ಹಾಕಿಸಿ ಎಲ್ಲರ ಕೈಗೆ ಕೊಟ್ಟರೆ ದೇವರ ವಾಕ್ಯವು ತಾನೇ ತನ್ನ ಕಾರ್ಯವನ್ನು ಮಾಡುವುದೆಂಬುದು ಅವರ ದೃಢ ನಂಬಿಕೆಯಾಗಿತ್ತು. ದ್ಯುಬುವಾ ಸ್ವಾಮಿಗಳು ಇದನ್ನು ಒಪ್ಪಲಿಲ್ಲ. ಪೂರ್ವಸಿದ್ಧತೆಯಿಲ್ಲದ ಓದುಗನ ಕೈಗೆ ಇಡೀ ಗ್ರಂಥವನ್ನು ಕೊಡುವುದು ವ್ಯರ್ಥವೆಂದರು. ಕೊಬ್ಬಿದ ಕರುವನ್ನು ಕೊಂದು ಔತಣ ಮಾಡಿಸಿದ ಪ್ರಸಂಗವನ್ನು ಓದಿದ ಬ್ರಾಹ್ಮಣನು ಮುಂದಿನ ಪುಟವನ್ನು ತಿರುವುವನೇ ಎಂಬುದು ಅವರ ಶಂಕೆ. ಅವಸರದಲ್ಲಿ ಸಿದ್ಧವಾದ ಅನುವಾದಗಳ ಭಾಷೆಯು ವಿದ್ವಾಂಸರಿಗೆ ನಗೆಪಾಟಲಾಗುವುದೆಂದೂ ಅವರು ಟೀಕಿಸಿದರು.

ಇದಕ್ಕೆ ಜೊತೆಯಾಗಿ ಅವರು ಮತ್ತೊಂದು ವಾದವನ್ನು ಮುಂದಿಟ್ಟರು. ನಮ್ಮ ವಿಷಯಕ್ಕೆ ಮುಖ್ಯವಾದುದು ಇದೇ. ಕಥೋಲಿಕ ಆರಾಧನೆಯಲ್ಲಿ ಬಲಿಪೂಜೆಯಿದೆ, ಮೆರವಣಿಗೆಯಿದೆ, ಸ್ವರೂಪಗಳಿವೆ, ತೀರ್ಥವಿದೆ, ಉಪವಾಸ ಮತ್ತು ಹಬ್ಬಗಳಿವೆ, ಮೃತರಿಗಾಗಿ ಪ್ರಾರ್ಥನೆಯಿದೆ, ಸಂತರ ಮೊರೆಹೋಗುವ ಪದ್ಧತಿಯಿದೆ. ಇವೆಲ್ಲವೂ ಈ ದೇಶದ ಜನರ ಆಚಾರಗಳನ್ನು ಕೊಂಚಮಟ್ಟಿಗೆ ಹೋಲುತ್ತವೆ. ಇಷ್ಟು ಹೋಲಿಕೆಯುಳ್ಳ ಧರ್ಮವನ್ನೇ ಜನರು ಒಲ್ಲರೆಂದ ಮೇಲೆ ಇವೊಂದೂ ಇಲ್ಲದ ಪ್ರೊಟೆಸ್ಟೆಂಟರ ಬರಿಯ ಆರಾಧನೆಯು ಹೇಗೆ ತಾನೇ ಬೇರೂರೀತು ಎಂಬುದು ಅವರ ವಾದದ ಸಾರಾಂಶ. ಜಪಸರವೂ ಈ ಗುಂಪಿಗೆ ಸೇರುವುದೇ. ಹಿಂದೂಗಳು 108 ಮಣಿಗಳ ಮಾಲೆಯನ್ನು ಹಿಡಿದು ನಾಮಜಪ ಮಾಡುತ್ತಾರೆ, ಮುಸಲ್ಮಾನರು ಮಣಿಸರವನ್ನೆಣಿಸುತ್ತ ದೇವರ ನಾಮಗಳನ್ನು ಸ್ಮರಿಸುತ್ತಾರೆ. ಈ ನೆಲದಲ್ಲಿ ಕಥೋಲಿಕನ ಕೈಯ ಜಪಸರವು ಯಾರಿಗೂ ಅಪರಿಚಿತವೆನಿಸುವ ವಸ್ತುವಲ್ಲ.

ನ್ಯಾಯದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕು. ತಮ್ಮ ಪಕ್ಷದ ದೋಷಗಳನ್ನು ಸ್ವಾಮಿಗಳು ಅಡಗಿಸಲಿಲ್ಲ. ರಾತ್ರಿಯ ವೇಳೆ ಪಂಜುಗಳ ಬೆಳಕಿನಲ್ಲಿ ತಮಟೆ, ಕಹಳೆ, ಬಾಣಬಿರುಸುಗಳ ಗದ್ದಲದೊಡನೆ ಸಂತರ ತೇರನ್ನೆಳೆಯುವ ದೃಶ್ಯವು ಯೂರೋಪಿನಿಂದ ಹೊಸದಾಗಿ ಬಂದ ಕ್ರೈಸ್ತನನ್ನು ಬೆಚ್ಚಿಬೀಳಿಸುತ್ತದೆಂದೂ ಭಕ್ತಿಗಿಂತ ಸದ್ದೇ ಅಲ್ಲಿ ಹೆಚ್ಚೆಂದೂ ಅವರೇ ಬರೆದರು. ಹಿಂದೂ ಸ್ತ್ರೀಪುರುಷರನ್ನು ಹೀನಾಯವಾಗಿ ಚಿತ್ರಿಸಿದ್ದ ಒಬ್ಬ ಧರ್ಮಪ್ರಚಾರಕರ ಬರಹಕ್ಕೆ ಉತ್ತರವಾಗಿ ಹಿಂದೂ ಜನರ ಗೌರವವನ್ನು ಎತ್ತಿಹಿಡಿಯುವ ಬರಹವೊಂದನ್ನೂ ಆ ಪುಸ್ತಕದಲ್ಲಿಯೇ ಸೇರಿಸಿದರು.

ಪ್ರತಿವಾದಿಗಳ ಮಾತು

ಪುಸ್ತಕವು ಹೊರಬಿದ್ದ ಮರುವರ್ಷವೇ, ಅಂದರೆ 1824ರಲ್ಲಿ, ಎರಡು ಪ್ರತ್ಯುತ್ತರಗಳು ಪ್ರಕಟವಾದುವು. ಒಂದನ್ನು ಬರೆದವರು ಮದರಾಸಿನ ಆಡಳಿತದಲ್ಲಿ ಆಂಗ್ಲಿಕನ್ ಚಾಪ್ಲಿನ್ ಆಗಿ ಸೇವೆ ಸಲ್ಲಿಸಿದ್ದ ಜೇಮ್ಸ್ ಹೌ. ಮತ್ತೊಂದನ್ನು ಬರೆದವರು ಬಂಗಾಳದಲ್ಲಿ ಲಂಡನ್ ಮಿಷನ್ನಿನ ಪ್ರಚಾರಕರಾಗಿದ್ದ ಹೆನ್ರಿ ಟೌನ್ಲಿ. ದೇವರ ವಾಕ್ಯವನ್ನು ಜನರ ಕೈಯಿಂದ ದೂರವಿಡುವುದು ತಪ್ಪೆಂದು ಅವರು ವಾದಿಸಿದರು. ಕಥೋಲಿಕರ ಆಚಾರಗಳು ಅನ್ಯಧರ್ಮೀಯರ ಆಚಾರಗಳನ್ನು ಹೋಲುತ್ತವೆಂಬ ಸ್ವಾಮಿಗಳ ಮಾತನ್ನೇ ಹಿಡಿದು, ಹಾಗಿದ್ದರೆ ಆ ಧರ್ಮಪ್ರಚಾರದಿಂದ ಜನರ ಹೃದಯದಲ್ಲಾದ ಪರಿವರ್ತನೆಯೇನು ಎಂಬ ಪ್ರಶ್ನೆಯನ್ನು ಪ್ರೊಟೆಸ್ಟೆಂಟರು ಎತ್ತುವುದು ಸಹಜವೇ ಆಗಿತ್ತು.

ಇಲ್ಲಿ ನಾವು ನಿಂತು ಯೋಚಿಸಬೇಕು. ಸ್ವಾಮಿಗಳ ವಾದದ ಭಾರವೆಲ್ಲ ಪ್ರಯೋಜನದ ಮೇಲೆ ನಿಂತಿತ್ತು. ದೇಶದ ರೂಢಿಗೆ ಹೊಂದುತ್ತದೆ, ಆದುದರಿಂದ ಇದು ಉಪಯುಕ್ತ ಎಂಬ ಸಮರ್ಥನೆಯು ಎರಡಂಚಿನ ಖಡ್ಗದಂತೆ. ರೂಢಿಗೆ ಹೊಂದುತ್ತದೆ ಎಂಬ ಕಾರಣಕ್ಕೆ ಜಪಸರವನ್ನು ಹಿಡಿದವನು ರೂಢಿಯು ಬದಲಾದ ದಿನ ಅದನ್ನು ಕೆಳಗಿಡುತ್ತಾನೆ. ತಾಯಿ ಹೇಳುತ್ತಿದ್ದಳು, ಅದಕ್ಕೇ ನಾನೂ ಹೇಳುತ್ತೇನೆ ಎಂದು ಮಾತ್ರ ಉತ್ತರಿಸುವ ನಮ್ಮ ಇಂದಿನ ಯುವಕನ ಸ್ಥಿತಿಯೂ ಇದೇ ಅಲ್ಲವೇ? ಜಪಸರಕ್ಕೆ ಹೋಲಿಕೆಗಿಂತ ಆಳವಾದ ಆಧಾರವು ಬೇಕು. ಅಂಥ ಆಧಾರವು ಇದೆ.

ಪ್ರೊಟೆಸ್ಟೆಂಟ್ ಸಹೋದರರ ಆಕ್ಷೇಪಣೆಗಳು ಮುಖ್ಯವಾಗಿ ಮೂರು. ವ್ಯರ್ಥವಾಗಿ ಮಾತುಗಳನ್ನು ಪುನರುಚ್ಚರಿಸಬೇಡಿರೆಂದು ಪ್ರಭು ಯೇಸುವೇ ಬೋಧಿಸಿದ್ದು ಸಂತ ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿದೆ ಎಂಬುದು ಮೊದಲನೆಯದು. ದೇವರಿಗೂ ಮಾನವರಿಗೂ ಕ್ರಿಸ್ತನೊಬ್ಬನೇ ಮಧ್ಯಸ್ಥನೆಂದು ತಿಮೊಥೇಯನಿಗೆ ಬರೆದ ಮೊದಲ ಪತ್ರದ 2ನೆಯ ಅಧ್ಯಾಯವು ಸಾರುತ್ತಿರುವಾಗ ಮಾತೆ ಮರಿಯಳ ಮೊರೆಹೋಗುವುದೇಕೆ ಎಂಬುದು ಎರಡನೆಯದು. ಮಣಿಸರದ ಪ್ರಸ್ತಾಪವೇ ಬೈಬಲ್ಲಿನಲ್ಲಿಲ್ಲವೆಂಬುದು ಮೂರನೆಯದು. ಇವು ದ್ವೇಷದಿಂದ ಹುಟ್ಟಿದ ಆಕ್ಷೇಪಣೆಗಳಲ್ಲ. ದೇವರೊಬ್ಬರಿಗೇ ಸಲ್ಲಬೇಕಾದ ಮಹಿಮೆಯು ಬೇರೆಯವರ ಪಾಲಾಗಬಾರದೆಂಬ ಕಾಳಜಿಯಿಂದ ಹುಟ್ಟಿದುವು. ಆ ಕಾಳಜಿಯು ನಮ್ಮದೂ ಹೌದು.

ಉತ್ತರವನ್ನು ಶಾಂತವಾಗಿ ಕೊಡಬಹುದು. ಪ್ರಭುವು ನಿಷೇಧಿಸಿದ್ದು ಅರ್ಥಶೂನ್ಯವಾದ ಮಾತಿನ ರಾಶಿಯನ್ನು; ಹೃತ್ಪೂರ್ವಕವಾದ ಪುನರುಚ್ಚಾರವನ್ನಲ್ಲ. ಗೆತ್ಸೆಮನೆಯ ತೋಪಿನಲ್ಲಿ ಅವರೇ ಅದೇ ಮಾತುಗಳಿಂದ ಮೂರು ಬಾರಿ ಪ್ರಾರ್ಥಿಸಿದರೆಂದು ಸಂತ ಮತ್ತಾಯನು ತಿಳಿಸುತ್ತಾನೆ. 136ನೆಯ ಕೀರ್ತನೆಯಲ್ಲಿ ಒಂದೇ ಪಲ್ಲವಿಯು ಇಪ್ಪತ್ತಾರು ಸಲ ಬರುತ್ತದೆ. ನಮೋ ಮರಿಯ ಜಪದ ಮೊದಲ ಭಾಗವು ಸಂತ ಲೂಕನ ಶುಭಸಂದೇಶದ 1ನೆಯ ಅಧ್ಯಾಯದಿಂದಲೇ ಬಂದದ್ದು; ಅದು ದೇವದೂತ ಗಬ್ರಿಯೇಲನ ವಂದನೆ ಮತ್ತು ಎಲಿಜಬೇತಮ್ಮನವರ ವಂದನೆ. ಎರಡನೆಯ ಭಾಗವಾದರೋ ನಮಗಾಗಿ ಪ್ರಾರ್ಥಿಸಬೇಕೆಂದು ಮಾತೆಯನ್ನು ಬೇಡುವುದೇ ಹೊರತು ಅವರನ್ನು ಆರಾಧಿಸುವುದಲ್ಲ. ರೋಗದಲ್ಲಿ ಮಲಗಿದವನು ನೆರೆಯವರನ್ನು ತನಗಾಗಿ ಪ್ರಾರ್ಥಿಸಿರೆಂದು ಕೇಳಿದರೆ ಕ್ರಿಸ್ತನ ಮಧ್ಯಸ್ಥಿಕೆಗೆ ಕುಂದಾಗುವುದಿಲ್ಲ. ಕಾನಾ ಊರಿನ ಮದುವೆಯ ಮನೆಯಲ್ಲಿ ದ್ರಾಕ್ಷಾರಸವು ಮುಗಿದಾಗ ಮಾತೆಯು ಮಾಡಿದ್ದೂ ಮಗನ ಬಳಿ ಬಿನ್ನವಿಸಿದ್ದನ್ನೇ. ಇನ್ನು ಮಣಿಗಳು ಎಣಿಕೆಯ ಉಪಕರಣ ಮಾತ್ರ. ಕೈಯು ಎಣಿಸುತ್ತಿರಲಿ, ಮನಸ್ಸು ಕ್ರಿಸ್ತನ ಜೀವನದ ರಹಸ್ಯಗಳನ್ನು ಧ್ಯಾನಿಸಲಿ ಎಂಬುದೇ ಅದರ ಉದ್ದೇಶ. 150 ಕೀರ್ತನೆಗಳನ್ನು ಓದಲಾರದ ಪಾಮರರು 150 ಬಾರಿ ನಮೋ ಮರಿಯ ಜಪವನ್ನು ಹೇಳುತ್ತಿದ್ದ ರೂಢಿಯಿಂದ ಈ ಪ್ರಾರ್ಥನೆಯು ಬೆಳೆಯಿತು. 1569ರಲ್ಲಿ ಜಗದ್ಗುರು ಸಂತ ಐದನೆಯ ಭಕ್ತಿನಾಥರು ಅದಕ್ಕೆ ಅಧಿಕೃತ ಮನ್ನಣೆಯನ್ನಿತ್ತರು. 2002ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಸಂತೋಷದ, ದುಃಖದ ಮತ್ತು ಮಹಿಮೆಯ ಹದಿನೈದು ರಹಸ್ಯಗಳಿಗೆ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿ, ಜಪಸರವು ಶುಭಸಂದೇಶದ ಸಂಗ್ರಹವೇ ಎಂಬುದನ್ನು ಇನ್ನಷ್ಟು ಸ್ಪಷ್ಟಗೊಳಿಸಿದರು. ಧ್ಯಾನವಿಲ್ಲದ ಜಪಸರವು ಆತ್ಮವಿಲ್ಲದ ದೇಹದಂತೆ ಎಂಬ ಎಚ್ಚರಿಕೆಯನ್ನು ಜಗದ್ಗುರು ಆರನೆಯ ಪೌಲರು 1974ರಲ್ಲಿಯೇ ಕೊಟ್ಟಿದ್ದರು. ಪ್ರೊಟೆಸ್ಟೆಂಟರ ಮೊದಲನೆಯ ಆಕ್ಷೇಪಣೆಯು ನಮ್ಮ ಅವಸರದ ಜಪಕ್ಕೆ ತಾಗುವುದಾದರೆ ತಪ್ಪು ಜಪಸರದ್ದಲ್ಲ, ಅದನ್ನು ಹೇಳುವ ನಾಲಿಗೆಯದು.

ಪ್ಯಾರಿಸ್ಸಿನ ಮುಪ್ಪು

1823ರ ಜನವರಿಯಲ್ಲಿ ದ್ಯುಬುವಾ ಸ್ವಾಮಿಗಳು ಭಾರತವನ್ನು ಬಿಟ್ಟು ಹೊರಟರು. ಈಸ್ಟ್ ಇಂಡಿಯಾ ಕಂಪನಿಯು ಅವರ ಸೇವೆಯನ್ನು ಸ್ಮರಿಸಿ ವಿಶ್ರಾಂತಿ ವೇತನವನ್ನು ಗೊತ್ತುಮಾಡಿತು. ಪ್ಯಾರಿಸ್ಸಿನ ತಮ್ಮ ಸಂಸ್ಥೆಯ ಗುರುವಿದ್ಯಾಲಯದಲ್ಲಿ ಅವರು ನಿರ್ದೇಶಕರಲ್ಲೊಬ್ಬರಾದರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಈ ಮಧ್ಯೆ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದು 1826ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಧರ್ಮಪ್ರಚಾರವು ಅಸಾಧ್ಯವೆಂದು ಬರೆದಿದ್ದವರೇ ಭಾರತಕ್ಕೂ ಇತರ ದೇಶಗಳಿಗೂ ಹೊರಡುವ ತರುಣ ಗುರುಗಳನ್ನು ಸಿದ್ಧಪಡಿಸುವ ಮನೆಗೆ ಯಜಮಾನರಾದದ್ದು ದೈವಸಂಕಲ್ಪದ ವಿಚಿತ್ರ ಗತಿಯಲ್ಲವೇ!

ಆ ವಿದ್ಯಾಲಯವಿರುವುದು ರ‍್ಯು ದ್ಯು ಬಾಕ್ ಎಂಬ ಬೀದಿಯಲ್ಲಿ. ಅದೇ ಬೀದಿಯ ಕೆಲವು ಮನೆಗಳಾಚೆಯ ಕನ್ಯಾಮಠದಲ್ಲಿ 1830ರಲ್ಲಿ ಸಂತ ಕ್ಯಾಥರೀನ್ ಲಬೂರೆ ಅವರಿಗೆ ದೇವಮಾತೆಯ ದರ್ಶನವಾಯಿತು. ಇಂದು ನಮ್ಮ ಅನೇಕರ ಕೊರಳಲ್ಲಿ ಜಪಸರದೊಡನೆ ಕಾಣುವ ಅದ್ಭುತ ಪದಕದ ಮೂಲವು ಅದೇ. 1848ರ ಫೆಬ್ರವರಿ 17ರಂದು ದ್ಯುಬುವಾ ಸ್ವಾಮಿಗಳು ದೈವಾಧೀನರಾದರು. ಅದಾದ ಒಂದೇ ವಾರದಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿಯು ಸಿಡಿಯಿತು. ಒಂದು ಕ್ರಾಂತಿಯ ನಡುವೆ ದೇಶವನ್ನು ಬಿಟ್ಟು ಹೊರಟಿದ್ದವರು ಇನ್ನೊಂದು ಕ್ರಾಂತಿಯ ಹೊಸ್ತಿಲಲ್ಲಿ ಲೋಕವನ್ನೇ ಬಿಟ್ಟು ನಡೆದರು.

ಸುಳ್ಳಾದ ಭವಿಷ್ಯ

ಸ್ವಾಮಿಗಳು ಸಾಯುತ್ತಿದೆಯೆಂದು ಬಗೆದ ಧರ್ಮಸಭೆಯು ಸಾಯಲಿಲ್ಲ. ಅವರು ತೀರಿಕೊಂಡ ಎರಡು ವರ್ಷಗಳಲ್ಲಿಯೇ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತಾಧಿಕಾರ ಪ್ರಾಂತವಾಯಿತು. ಅವರದೇ ಸಂಸ್ಥೆಯ ಶಾರ್ಬೊನೊ ಅವರು ಅದರ ಮೊದಲ ಧರ್ಮಾಧಿಕಾರಿಗಳಾದರು. 1886ರಲ್ಲಿ ಮೈಸೂರು ಧರ್ಮಪ್ರಾಂತವಾಯಿತು. 1940ರಲ್ಲಿ ಬೆಂಗಳೂರು ಧರ್ಮಪ್ರಾಂತವು ಅದರಿಂದ ಬೇರ್ಪಟ್ಟು 1953ರಲ್ಲಿ ಮಹಾಧರ್ಮಪ್ರಾಂತವಾಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಾವೆಲ್ಲರೂ ಅದರ ಮಕ್ಕಳು. ಅತ್ತ ಪ್ರೊಟೆಸ್ಟೆಂಟರ ಬಗೆಗೆ ಅವರು ನುಡಿದ ಭವಿಷ್ಯವೂ ಸುಳ್ಳಾಯಿತು. ಮೆರವಣಿಗೆಯಿಲ್ಲದ, ಸ್ವರೂಪವಿಲ್ಲದ ಅವರ ಆರಾಧನೆಯೂ ಕನ್ನಡ ನೆಲದಲ್ಲಿ ಬೇರು ಬಿಟ್ಟಿತು. ಅವರ ಬೈಬಲ್ ಅನುವಾದ, ನಿಘಂಟು, ಶಾಲೆಗಳಿಂದ ಕನ್ನಡ ನುಡಿಗೆ ಆದ ಉಪಕಾರವನ್ನು ಯಾವ ಕಥೋಲಿಕನೂ ಅಲ್ಲಗಳೆಯಲಾರನು.

ಇಷ್ಟು ದೊಡ್ಡ ವಿದ್ವಾಂಸರ, ಇಷ್ಟು ಅನುಭವಿಗಳ ಲೆಕ್ಕವು ಏಕೆ ತಪ್ಪಿತು? ಅವರು ಹೊಸದಾಗಿ ಬಂದವರ ತಲೆಗಳನ್ನು ಎಣಿಸಿದರು. ಮೊದಲೇ ಇದ್ದವರ ಮನೆಯೊಳಗಿನ ಸಂಜೆಯು ಲೆಕ್ಕಕ್ಕೆ ಸಿಕ್ಕುವಂಥದಾಗಿರಲಿಲ್ಲ ಎಂದು ನಮಗೆ ತೋರುತ್ತದೆ. ಗುರುಗಳು ವರ್ಷಕ್ಕೆ ಒಂದೆರಡು ಸಲ ಮಾತ್ರ ಬರುತ್ತಿದ್ದ ಗ್ರಾಮಗಳಲ್ಲಿ ಬಲಿಪೂಜೆಯು ಅಪರೂಪ, ಪಾಪನಿವೇದನೆಯು ಅಪರೂಪ, ಅಚ್ಚಾದ ಪುಸ್ತಕವಂತೂ ಕನಸಿನ ಮಾತು. ಅಂಥಲ್ಲಿ ಉಪದೇಶಿಯೋ ಮನೆಯ ಹಿರಿಯರೋ ದೀಪದ ಮುಂದೆ ಕುಳಿತು ಹೇಳಿಸುತ್ತಿದ್ದ ಜಪವೇ ಶಾಲೆ, ಅದೇ ಗ್ರಂಥ, ಅದೇ ದೇವಾಲಯ. ದೇವದೂತನ ಸಂದೇಶದಿಂದ ಹಿಡಿದು ಕಲ್ವಾರಿಯವರೆಗೆ, ಪುನರುತ್ಥಾನದವರೆಗೆ, ಶುಭಸಂದೇಶದ ಇಡೀ ಕಥೆಯು ಅಕ್ಷರ ಬಾರದ ಅಜ್ಜಿಯ ಬೆರಳ ತುದಿಯಲ್ಲಿರುತ್ತಿತ್ತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಹಳೆಯ ಕಥೋಲಿಕ ಗ್ರಾಮಗಳು ತಲೆಮಾರುಗಳ ಕಾಲ ವಿಶ್ವಾಸವನ್ನು ಉಳಿಸಿಕೊಂಡು ಬಂದಿರುವುದನ್ನು ನೋಡಿದಾಗ ಈ ಮಾತು ಮನದಟ್ಟಾಗುತ್ತದೆ.

ಹಾಸನದ ಸೀಮೆಯ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದಿದೆ. ಮಳೆಗಾಲದಲ್ಲಿ ಅದು ಮುಳುಗುತ್ತದೆ, ಬೇಸಗೆಯಲ್ಲಿ ಗೋಡೆಗಳು ಮೇಲೇಳುತ್ತವೆ. ಅಲ್ಲಿಂದ ಎದ್ದುಹೋದ ಭಕ್ತರು ಗೋಡೆಗಳನ್ನು ಹೊತ್ತೊಯ್ಯಲಾಗಲಿಲ್ಲ; ಜಪಸರವನ್ನಾದರೋ ಹೊಸ ಊರಿಗೆ ಕೈಯಲ್ಲಿಯೇ ಒಯ್ಯಬಹುದಾಗಿತ್ತು. ಕಲ್ಲು ಗಾರೆಗಳ ದೇವಾಲಯಕ್ಕೆ ನೂರು ವರ್ಷ ತುಂಬಿದಾಗ ನಾವು ಸಂಭ್ರಮಿಸುತ್ತೇವೆ, ಅದು ಉಚಿತವೇ. ಆದರೆ ಆ ನೂರು ವರ್ಷಗಳನ್ನು ತುಂಬಿದ್ದು ಮನೆಮನೆಯ ಪ್ರಾರ್ಥನೆಯೇ ಎಂಬುದನ್ನು ಮರೆಯಬಾರದು.

ನಮ್ಮ ಕರ್ತವ್ಯ

ದ್ಯುಬುವಾ ಸ್ವಾಮಿಗಳ ಕಾಲದ ಕಹಿಯು ಇಂದು ಬಹುಮಟ್ಟಿಗೆ ಇಳಿದಿದೆ. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪ್ರೊಟೆಸ್ಟೆಂಟ್ ಕ್ರೈಸ್ತರನ್ನು ಬೇರ್ಪಟ್ಟ ಸಹೋದರರೆಂದು ಗೌರವಿಸಿ, ಅವರೊಡನೆ ಸಂವಾದಕ್ಕೆ ನಮ್ಮನ್ನು ಕರೆಯಿತು. ಅದೇ ವರ್ಷ, ಮಾತೆ ಮರಿಯಳ ಸ್ಥಾನವನ್ನು ವಿವರಿಸುವಾಗ, ಉತ್ಪ್ರೇಕ್ಷೆಯನ್ನೂ ಸಂಕುಚಿತ ದೃಷ್ಟಿಯನ್ನೂ ಸಮನಾಗಿ ಬಿಡಬೇಕೆಂದು ಉಪದೇಶಿಸಿತು. ಮಾರ್ಟಿನ್ ಲೂಥರರೇ 1521ರಲ್ಲಿ ಮಾತೆ ಮರಿಯಳ ಸ್ತುತಿಗೀತೆಗೆ ಗೌರವಪೂರ್ಣವಾದ ವ್ಯಾಖ್ಯಾನವೊಂದನ್ನು ಬರೆದಿದ್ದರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಶುಭಸಂದೇಶವನ್ನು ದಿನವೂ ತೆರೆದು ಓದುವ ಅಭ್ಯಾಸವನ್ನು ನಾವು ಪ್ರೊಟೆಸ್ಟೆಂಟ್ ಸಹೋದರರಿಂದ ಕಲಿಯಬೇಕಾಗಿದೆ. ಓದಿದ್ದನ್ನು ಬೆರಳಿನಿಂದ ಬೆರಳಿಗೆ, ತಾಯಿಯಿಂದ ಮಗುವಿಗೆ ದಾಟಿಸಿ ಧ್ಯಾನಿಸುವ ಬಗೆಯನ್ನು ಅವರಿಗೆ ನಮ್ರತೆಯಿಂದ ತೋರಿಸಬಹುದು.

ಆದುದರಿಂದ ಪ್ರಿಯ ವಾಚಕರೇ, ಕೈಯಲ್ಲಿರುವುದೇನು ಎಂದು ಯಾರಾದರೂ ಕೇಳಿದರೆ ಸಿಡುಕುವುದು ಬೇಡ, ನಾಚುವುದೂ ಬೇಡ. ಇದು ಯೇಸುಸ್ವಾಮಿಯ ಜೀವನವನ್ನು ಅವರ ತಾಯಿಯೊಡನೆ ಕುಳಿತು ನೆನೆಯುವ ಪ್ರಾರ್ಥನೆ ಎಂದು ಹೇಳೋಣ. ಹೇಳುವುದಕ್ಕೆ ಮುಂಚೆ ಹಾಗೆಯೇ ಪ್ರಾರ್ಥಿಸುವುದನ್ನು ಕಲಿಯೋಣ. ದೂರದರ್ಶನ ಮತ್ತು ಮೊಬೈಲುಗಳ ಸದ್ದಿನಲ್ಲಿ ಸಂಜೆಯ ಜಪವು ನಮ್ಮ ಎಷ್ಟೋ ಮನೆಗಳಲ್ಲಿ ಅಡಗಿಹೋಗುತ್ತಿದೆ. ಯಾವ ಪ್ರತಿವಾದಿಯ ಪುಸ್ತಕಕ್ಕಿಂತಲೂ ಇದು ಹೆಚ್ಚು ಅಪಾಯಕರ. ಈ ನೆಲಕ್ಕಾಗಿ ಮೂವತ್ತು ವರ್ಷ ದುಡಿದು ಫಲವನ್ನು ಕಾಣದೆಯೇ ಹೊರಟುಹೋದ ಆ ದೊಡ್ಡಸ್ವಾಮಿಯವರ ನಿರಾಶೆಯನ್ನು ನಮ್ಮ ಹಿರಿಯರು ಸುಳ್ಳು ಮಾಡಿದರು. ಮುಂದಿನ ನೂರು ವರ್ಷಗಳಲ್ಲಿ ಅದನ್ನು ಸುಳ್ಳಾಗಿಯೇ ಉಳಿಸುವ ಭಾರವು ಈಗ ನಮ್ಮ ಮೇಲಿದೆ.